ನಿಮ್ಮಜ್ಜನ ಹಾಡು ಮತ್ತು ಟ್ಯಾಂಕಿಯ ಮೇಲಿನ ಕಾಗೆ

ಮೆತ್ತಗೆ ಮಾತಾಡುವವರನ್ನು ಜನ ಒಳ್ಳೆಯವರೆಂದು ನಂಬಿಬಿಡುತ್ತಾರೆ. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೂ ನನಗೆ ಆ ಹೆಸರು ತಪ್ಪಲಿಲ್ಲ. ಆದರೆ ಮಕ್ಕಳೇ, ಮೆತ್ತಗಿನವರೂ ಅನ್ಯಾಯ ಮಾಡುತ್ತಾರೆ, ಸದ್ದಾಗುವುದಿಲ್ಲ, ಅಷ್ಟೇ.

ನಿಮ್ಮಜ್ಜನಿಗೆ ರಾಕ್ ಸಂಗೀತದ ಹುಚ್ಚು. ವಾಶಿಯ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದಾಗ ಕಾಲೇಜು ಹುಡುಗರಿಂದ ಅಂಟಿಸಿಕೊಂಡದ್ದು. ಉಡುಪಿ ಕಡೆಯ ಮನುಷ್ಯ, ಹಣೆಯಲ್ಲಿ ಗಂಧ. ಟೇಪ್‌ರೆಕಾರ್ಡರಿನಲ್ಲಿ ಮಾತ್ರ ಉದ್ದ ಕೂದಲಿನ ಬಿಳಿಯರು, ಯಾರೋ ಕಾಲು ತುಳಿದ ಹಾಗೆ ಕಿರುಚುತ್ತಿದ್ದರು. ಡೊಂಬಿವಲಿಯ ಎರಡು ಕೋಣೆಯ ಮನೆ. ಗೋಡೆಯಾಚೆಯವರು ಏನೆಂದಾರೋ ಎಂದು ನಾನು ಬಂದು, ಮಾತಾಡದೆ, ಸದ್ದು ತಗ್ಗಿಸಿ ಹೋಗುತ್ತಿದ್ದೆ. ಹಾಡು ನಿಲ್ಲುವ ತನಕ ಊಟಕ್ಕೂ ಬಾರದೆ ಅಡಿಗೆಮನೆಯ ಬಾಗಿಲ ಮರೆಯಲ್ಲೇ ಇರುತ್ತಿದ್ದೆ. ನಲವತ್ತು ವರ್ಷ ಹೀಗೆ. ಅವರು ಒಮ್ಮೆಯೂ ಜಗಳವಾಡಲಿಲ್ಲ. ಎಲ್ಲೋ ದೂರದ ದೇಶದ ಗಿಟಾರಿನವನೊಬ್ಬ ಸತ್ತ ದಿನ ಊಟ ಬಿಟ್ಟರು. "ನಮ್ಮಣ್ಣ ಹೋದಾಗ ನಾಲ್ಕು ದೋಸೆ ತಿಂದಿದ್ದಿರಲ್ಲ?" ಎಂದೆ. "ನಿನ್ನಣ್ಣ ಗಿಟಾರು ಬಾರಿಸ್ತಿರ್ಲಿಲ್ಲ ಮಾರಾಯ್ತಿ" ಎಂದರು.

ಕೊನೆಯ ವಾರ, ಹಾಸಿಗೆಯಿಂದಲೇ ಟೇಪಿನ ಕಡೆ ಬೆರಳು ತೋರಿಸಿದರು. ಪಕ್ಕದ ಮನೆಯ ಹುಡುಗಿಗೆ ಪರೀಕ್ಷೆಯಿತ್ತು. "ನಾಳೆ ಹಾಕುವ" ಎಂದೆ. ನಾಳೆ ಅವರಿರಲಿಲ್ಲ.

ಅವರು ಹೋಗಿ ವರ್ಷ ತುಂಬಿ, ವರ್ಷಾಂತಿಕದ ದಿನ ಟೆರೇಸಿನಲ್ಲಿ ಕಾಗೆಗೆ ಎಡೆ ಇಟ್ಟೆವು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಒಂದು ಕಾಗೆ ನೀರಿನ ಟ್ಯಾಂಕಿಯ ಮೇಲೆ ಕೂತು ನೋಡಿತು, ಇಳಿಯಲಿಲ್ಲ. ಎಂಐಡಿಸಿಯ ಕಾರ್ಖಾನೆಗಳಿಂದ ಬರುವ ಕೆಮಿಕಲ್ ವಾಸನೆಯಲ್ಲಿ ಹಸಿದ ನೆಂಟರೆಲ್ಲ ಮೂಗು ಮುಚ್ಚಿ ನಿಂತಿದ್ದರು. ನಿಮ್ಮಪ್ಪ ಕೈಮುಗಿದು, "ಅಪ್ಪಾ, ಅಮ್ಮನ್ನ ಚೆನ್ನಾಗಿ ನೋಡ್ಕೊಳ್ತೇನೆ" ಎಂದ. ಕಾಗೆ ನಂಬಲಿಲ್ಲ.

ಭಟ್ಟರಿಗೆ ಕಲ್ಯಾಣ್‌ನಲ್ಲಿ ಇನ್ನೊಂದು ಕಾರ್ಯವಿತ್ತು. "ಅಮ್ಮಾ, ಏನಾದ್ರೂ ಆಸೆ ಉಳಿದಿತ್ತಾ? ಸ್ವಲ್ಪ ಬೇಗ ನೆನಪು ಮಾಡಿ, ನಂಗೆ ಲೋಕಲ್ ಹಿಡೀಬೇಕು."

ನೆನಪು ಮಾಡುವುದೇನು, ವರ್ಷವಿಡೀ ಅದು ಎದೆಯ ಮೇಲೆಯೇ ಕೂತಿತ್ತು. ಅಷ್ಟು ಜನರೆದುರು ಬಾಯಿ ಬರಲಿಲ್ಲ. ಈಶಾ, ನಿನ್ನ ಕಿವಿಯಲ್ಲಿ ಹೇಳಿದೆ. ನೀನು ಹುಟ್ಟುವ ಮೊದಲೇ ಸತ್ತ ಹಾಡುಗಾರನ ಮುಖವನ್ನು ಟಿ-ಶರ್ಟಿನ ಮೇಲೆ ಹೊತ್ತು ತಿರುಗುವವಳು ನೀನು, ಬಿಡಿಸಿ ಹೇಳಬೇಕಾಗಲಿಲ್ಲ. "ಅಜ್ಜಿ, ಪೆಹಲೇ ಬೋಲ್ನಾ ಥಾ ನಾ!" ಎಂದು, ಮೊದಲೇ ಹೇಳದ್ದಕ್ಕೆ ಬೈದು, ಮೊಬೈಲಿನಲ್ಲಿ ಅಜ್ಜನ ಹಾಡು ಹಚ್ಚಿದೆ.

"ಇನ್ನೂ ಜೋರು ಮಾಡು" ಎಂಬ ಧ್ವನಿ ಕೇಳಿ ಎಲ್ಲರೂ ತಿರುಗಿದರು. ನಾನೂ ತಿರುಗಿದೆ. ಹೇಳಿದವಳು ನಾನೇ.

ಕಾಗೆ ಕತ್ತು ಕೊಂಕಿಸಿ, ಟ್ಯಾಂಕಿಯ ಹಿಂದೆ ಸರಿದುಕೊಂಡಿತು. ಏಳೆಂಟು ನಿಮಿಷ ಗಿಟಾರು. ಹಾಡು ಮುಗಿದು ಸದ್ದೆಲ್ಲ ನಿಂತ ಮೇಲೆ ಮೆಲ್ಲಗೆ ಬಂದು ಅನ್ನ ಮುಟ್ಟಿತು. "ಅಜ್ಜ ಖುಷ್!" ಎಂದು ನೀವೆಲ್ಲ ಕುಣಿದಿರಿ. ಭಟ್ಟರು ಸ್ಟೇಷನ್ನಿಗೆ ಓಡಿದರು.

ನಾನೂ ತಲೆಯಾಡಿಸಿದೆ. ಆದರೆ ನಿಮ್ಮಜ್ಜನಾಗಿದ್ದರೆ ಹಾಡು ಶುರುವಾದಾಗಲೇ ಇಳಿದು ಬರುತ್ತಿದ್ದರು. ಗಲಾಟೆ ನಿಲ್ಲುವ ತನಕ ಮರೆಯಲ್ಲಿ ಕಾದು ಆಮೇಲೆ ಎಲೆಗೆ ಬರುವ ಜೀವ ಈ ಮನೆಯಲ್ಲಿ ಬೇರೆಯೇ ಇದೆ. ಅದರ ವರ್ಷಾಂತಿಕಕ್ಕೆ ಇನ್ನೂ ಸಮಯವಿದೆ.