ಒಂದು ಹನಿ ಸೋರದ ಮೋಟಾರು

ಮೋಟಾರು ಹೊಡೆಯುವವನಿಗೆ ನಗೆಪಾಟಲೂ ಪಂಕ್ಚರೂ ಒಂದೇ. ಒಂದನ್ನು ತಿದ್ದಿ ಮೈ ಕೊಡವಿಕೊಂಡು ಏಳುವಷ್ಟರಲ್ಲಿ ಇನ್ನೊಂದು ಕಾದಿರುತ್ತದೆ.

ನಾನು ಆಳಂದದ ಒಬ್ಬ ಸಾಹುಕಾರರ ಮೋಟಾರಿಗೆ ಡ್ರೈವರ್ ಆಗಿದ್ದೆ. ನಿಜಾಮರ ಸೀಮೆ, ಯುದ್ಧದ ಕಾಲ. ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿತ್ತು, ಬಿಡಿ ಸಾಮಾನು ಯಾವ ಚೀಟಿಗೂ ಸಿಗುತ್ತಿರಲಿಲ್ಲ. ಸಲಹೆ ಮಾತ್ರ ಎಲ್ಲಿ ನಿಂತರಲ್ಲಿ ಪುಕ್ಕಟೆ.

ಅದೇ ಹೊತ್ತಿಗೆ ಅಫಜಲಪುರ ತಾಲೂಕಿನ ಅತನೂರಲ್ಲಿ ನನಗೊಂದು ಹೆಣ್ಣು ನೋಡಿದ್ದರು. ನಾನೂ ನೋಡಿದ್ದೆ. ನೋಡಿದ ಮೇಲೆ ನನಗೆ ಬೇರೆ ಯಾವ ಊರಿನ ಹೆಣ್ಣೂ ಬೇಡವಾಗಿತ್ತು. ಹುಡುಗಿಯ ತಂದೆ ಮಾತ್ರ ಒಂದು ಷರತ್ತು ಹೇಳಿ ಕಳಿಸಿದರು: “ಎತ್ತು ಹೊಡಿಯಾವ್ರು ನಮ್ಮನ್ಯಾಗ ಬೇಕಾದಷ್ಟು ಮಂದಿ ಅದಾರ. ಹುಡುಗ ಮೋಟಾರ್ ಹೊಡಿತಾನ ಅಂತೀರಿ. ನಮ್ಮ ಬಾಗಿಲ ತನಕ ಹೊಡ್ಕೊಂಡು ಬರ್ಲಿ, ಅವತ್ತೇ ಎಲಿ-ಅಡಿಕಿ ಮಾಡಿ ಮದುವಿ ಮಾತು ಪಕ್ಕಾ ಮಾಡೂಣು.”

ಸಾಹುಕಾರರು ಒಂದು ದಿನಕ್ಕೆ ಮೋಟಾರು ಕೊಡಲು ಒಪ್ಪಿದರು. ಮೋಟಾರು ಒಪ್ಪಲಿಲ್ಲ.

ಅಜ್ಜಿಗೆ ಕೇಳಿಸಿತು

ಸಾಹುಕಾರರನ್ನೂ ಅವರ ತಾಯಿಯನ್ನೂ ಕೂಡಿಸಿಕೊಂಡು ಖಜೂರಿಯಿಂದ ಮರಳಿ ಬರುತ್ತಿದ್ದೆ. ದಾರಿಯಲ್ಲಿ ಎದ್ದು ನಿಂತಿದ್ದ ಒಂದು ಕಲ್ಲು ಮೋಟಾರಿನ ಹೊಟ್ಟೆಗೆ ಬಡಿದು ಸೈಲೆನ್ಸರ್ ಡಬ್ಬಿ ಹರಿಯಿತು. ಇಂಜಿನ್ನಿನ ಹೊಗೆ ಈ ಡಬ್ಬಿಯೊಳಗೆ ಹಾದು, ಆರ್ಭಟ ಇಳಿಸಿಕೊಂಡು, ಹಿಂದಿನ ನಳಿಗೆಯಿಂದ ಹೊರಗೆ ಹೋಗಬೇಕು. ಡಬ್ಬಿ ಹರಿದದ್ದೇ ಎಲ್ಲ ಆರ್ಭಟವೂ ಒಮ್ಮೆಲೇ ರಸ್ತೆಗೆ ಬಿತ್ತು. ಎದುರಿಗೆ ಬಂದ ಗಾಡಿಯ ಎತ್ತುಗಳು ಗಾಡಿ ಸಮೇತ ಜೋಳದ ಹೊಲಕ್ಕೆ ನುಗ್ಗಿದವು. ಸಾಹುಕಾರರು ಎರಡೂ ಕಿವಿ ಮುಚ್ಚಿಕೊಂಡು ಏನೋ ಬೈದರು. ಏನು ಬೈದರೆಂದು ಕೇಳಿಸದಿದ್ದದ್ದು ನನ್ನ ಪುಣ್ಯ.

ಅವರ ತಾಯಿಗೆ ಕಿವಿ ಕೇಳಿಸದೆ ವರ್ಷಗಳಾಗಿದ್ದವು. ಮುದುಕಿ ಬೆಚ್ಚಿ ನೆಟ್ಟಗೆ ಕೂತರು, ಮುಖ ಅರಳಿತು, ಮಗನ ತೊಡೆ ತಟ್ಟಿದರು.

“ಈಗ ನೋಡಪಾ ರಿಪೇರಿ ಆಗೇದ! ಇಷ್ಟು ದಿನ ಮೂಕ ಇತ್ತು ಪಾಪ.”

ಚಾಚಾನ ಪರೀಕ್ಷೆ

ಆಳಂದದ ಪೇಟೆಯಲ್ಲಿ ಒಡೆದ ಕೊಡ, ಹಂಡೆ ಬೆಸೆಯುವ ಚಾಚಾ ಒಬ್ಬರಿದ್ದರು. ಅವರ ಕೈಯ ಬೆಸುಗೆ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಡಬ್ಬಿಯನ್ನು ಹಿಂದಿನ ನಳಿಗೆ ಸಮೇತ ಬಿಚ್ಚಿಕೊಂಡು ಹೋಗಿ ಅವರ ಮುಂದಿಟ್ಟೆ. ಮರುದಿನ ಸಂಜೆ ಹೋದರೆ ಮಸಿ ಹಿಡಿದಿದ್ದ ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಮದುವೆಯ ಹಂಡೆಯಂತೆ ಫಳಫಳ ಮಾಡಿ ಇಟ್ಟಿದ್ದರು.

“ನೀರು ತುಂಬಿ ನೋಡೇನಿ ಬೇಟಾ. ಒಂದು ಹನಿ ಸೋರಂಗಿಲ್ಲ.”

“ಚಾಚಾ, ಇದರಾಗ ನೀರು ಹಾಕಂಗಿಲ್ರಿ. ಹೊಗಿ ಹೋಗ್ತದ.”

“ನೀರೇ ಸೋರಂಗಿಲ್ಲ ಅಂದಮ್ಯಾಲ ಹೊಗಿ ಎಲ್ಲಿಂದ ಸೋರ್ತದ? ಫಿಕರ್ ಮಾಡಬ್ಯಾಡ, ಹೋಗು.”

ಕೂಡಿಸಿದೆ. ಏನು ಹೇಳಲಿ, ಸದ್ದೇ ಇಲ್ಲ! ಸಾಹುಕಾರರು ಹಿಗ್ಗಿ ಹೀರೇಕಾಯಿಯಾದರು. ಪೇಟೆಯಲ್ಲಿ ಒಂದು ಸುತ್ತು ಹಾಕಿಸು ಎಂದರು. ಆಗ ತಿಳಿಯಿತು, ಸದ್ದಿನ ಜೊತೆ ಓಟವೂ ಹೋಗಿತ್ತು. ಎಷ್ಟು ತುಳಿದರೂ ಮೋಟಾರು ಬಸುರಿ ಎಮ್ಮೆಯಂತೆ ಹೆಜ್ಜೆ ಹಾಕಿತು.

ಸಾಹುಕಾರರಿಗೆ ದೂರದ ಸಂಬಂಧಿಯೊಬ್ಬ ಇದ್ದ, ಭಾರೀ ಮಾತುಗಾರ. ಅವನು ಕಂಡರೆ ಸಾಕು, ಸಾಹುಕಾರರು “ಜೋರು ಹೊಡಿ” ಎಂದು ನನ್ನ ಬೆನ್ನು ತಿವಿಯುತ್ತಿದ್ದರು. ಅವತ್ತು ಅವನು ಪೇಟೆಯ ಈ ತುದಿಯಲ್ಲಿ ಸಿಕ್ಕ. ಮೋಟಾರಿನ ಬಾಗಿಲ ಮೇಲೆ ಕೈಯಿಟ್ಟು, ಜೊತೆಜೊತೆಗೇ ನಡೆಯುತ್ತ, ತನ್ನ ಹೆಂಡತಿಯ ಮಂಡಿನೋವಿನಿಂದ ಹಿಡಿದು ಭಾವಮೈದುನನ ನಡತೆಯ ತನಕ ಎಲ್ಲ ಹೇಳಿದ. ಸದ್ದಿಲ್ಲದ ಮೋಟಾರು, ಒಂದಕ್ಷರವೂ ತಪ್ಪದೆ ಕೇಳಿಸಿತು. ಮನೆ ಬಂದಾಗ ಬಾಗಿಲು ತೆರೆದು ಸಾಹುಕಾರರನ್ನು ಇಳಿಸಿಕೊಂಡವನೂ ಅವನೇ.

ಅವನು ಹೋದ ಮೇಲೆ ಸಾಹುಕಾರರು ನನ್ನ ಮುಂದೆ ಕೈ ಮುಗಿಯುವುದೊಂದು ಬಾಕಿ. “ಲೇ, ಅದು ಒದರಿದ್ರೂ ಒದರ್ಲಿ, ಓಡೂ ಹಂಗ ಮಾಡೋ!”

ನಾಡಿ ಹಿಡಿದ ವೈದ್ಯರು

ಪ್ಲಗ್ಗು ತಿಕ್ಕಿದೆ. ಕಾರ್ಬುರೇಟರ್ ಬಿಚ್ಚಿ ಊದಿದೆ. ಪೆಟ್ರೋಲಿನಲ್ಲಿ ನೀರು ಬೆರೆತಿರಬೇಕೆಂದು ಹಳೆಯ ಧೋತರದಲ್ಲಿ ಸೋಸಿದೆ. ಧೋತರ ಶುಭ್ರವಾಯಿತು, ಅಷ್ಟೇ. ದೃಷ್ಟಿ ತಾಗಿದೆ ಎಂದು ಯಾರೋ ಮುಂದುಗಡೆ ಲಿಂಬೆಹಣ್ಣು ಕಟ್ಟಿಸಿದರು. ಇಂಜಿನ್ನು ಎಷ್ಟು ಕಾಯುತ್ತಿತ್ತೆಂದರೆ ಲಿಂಬೆ ಬೆಂದು ಉಪ್ಪಿನಕಾಯಿಯಾಯಿತು. ಅತನೂರಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು.

ಜೇವರ್ಗಿ ಕಡೆಯ ಅಂದೋಲಾದಿಂದ ಬಂದು ನಮ್ಮೂರಲ್ಲೇ ನೆಲೆಸಿದ್ದ ವೈದ್ಯರೊಬ್ಬರಿದ್ದರು. ಯಾರ ಮನೆಯಲ್ಲಿ ಏನು ಕೆಟ್ಟರೂ ನೋಡದೆ ಇರುವವರಲ್ಲ. ಬಂದರು, ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ಕಿವಿ ಇಟ್ಟರು, ಕಣ್ಣು ಮುಚ್ಚಿದರು.

“ಹೊಟ್ಟಿ ಕಾದದ. ಉಸುರು ಸಣ್ಣ ಆಗೇದ. ಹಿಂದಿನಿಂದ ಗಾಳಿ ಹೋಗವಲ್ದು. ಇದಕ್ಕ ಮಲಬದ್ಧತಿ.”

ನನಗೆ ಸಿಟ್ಟು ನೆತ್ತಿಗೇರಿತು. “ಮೋಟಾರಿಗಿ ಎಲ್ಲಿ ಮಲಬದ್ಧತಿ ಹಚ್ಚೀರಿ ಬುವಾ?”

“ತಿಂದದ್ದು ಹೊರಗ ಹೋಗಬೇಕಪಾ, ಎಮ್ಮಿ ಇರ್ಲಿ, ಮೋಟಾರ್ ಇರ್ಲಿ. ಹರಳೆಣ್ಣಿ ಕುಡಿಸು.”

ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹುಕಾರರು ನಗಲಿಲ್ಲ. ವೈದ್ಯರು ಅತ್ತ ಹೋದದ್ದೇ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ಎಣ್ಣಿ ಮುಂದಿನಿಂದ ಹಾಕೂದೋ, ಹಿಂದಿನಿಂದೋ?”

ಅತನೂರಿನ ಏರು

ಹೆಣ್ಣಿನ ಮನೆಗೆ ಹಿರಿಯರಿಲ್ಲದೆ ಹೋಗುವಂತಿಲ್ಲ. ನನ್ನ ಕಡೆಯ ಹಿರಿಯರೆಂದು ಹೊರಟವರು ಚಾಚಾ ಮತ್ತು ವೈದ್ಯರು. ಬೆಳಕು ಹರಿಯುವ ಮುಂಚೆ ಬಿಟ್ಟವರು ತೆವಳುತ್ತ, ನಿಲ್ಲುತ್ತ, ನೀರು ಕುಡಿಸುತ್ತ ಹೋದೆವು. ಕಾಲ ಕೆಳಗಿನ ಹಲಗೆಯ ಸಂದಿನಿಂದ ಒಳಗೇ ಹೊಗೆ ಏಳುತ್ತಿತ್ತು. ಅತನೂರು ಕಾಣುವ ಹೊತ್ತಿಗೆ ಹೊಸ ರುಮಾಲು ಸುತ್ತಿದ ಮೂವರ ಮುಖವೂ ಇದ್ದಿಲಾಗಿತ್ತು. ಚಾಚಾ ಮಾತ್ರ ಕೆಮ್ಮುತ್ತಲೇ, “ಆವಾಜ ನೋಡ್ರಿ, ಬಿಲ್ಕುಲ್ ಇಲ್ಲ” ಎನ್ನುತ್ತಿದ್ದರು.

ಹುಡುಗಿಯ ಮನೆ ಒಂದು ಏರಿನ ಮೇಲೆ. ಬಾಗಿಲಲ್ಲಿ ಮನೆಮಂದಿಯೆಲ್ಲ ನಿಂತಿದ್ದರು. ಮುಂದುಮುಂದಾಗಿ ಏರುವ ಶಕ್ತಿ ಮೋಟಾರಿಗಿರಲಿಲ್ಲ. ರಿವರ್ಸ್ ಗೇರಿಗೆ ಬಲ ಹೆಚ್ಚೆಂದು ತಿರುಗಿಸಿ ನಿಲ್ಲಿಸಿ, ಹಿಂದುಮುಂದಾಗಿ ಏರಿಸತೊಡಗಿದೆ. ಹೆಣ್ಣಿನ ಕಡೆಯವರಿಗೆ ಮೊದಲು ದರ್ಶನ ಕೊಟ್ಟದ್ದು ಮೋಟಾರಿನ ಹಿಂಭಾಗ. ಅರ್ಧ ಏರಿತು, ಉಸಿರು ಬಿಟ್ಟು ನಿಂತಿತು.

ಪಕ್ಕದ ಹೊಲದವನೊಬ್ಬ ಎತ್ತು ಹೊಡೆದುಕೊಂಡು ಓಡಿ ಬಂದ. “ಎತ್ತು ಕಟ್ಲೇನ್ರಿ?”

ಎತ್ತು ಕಟ್ಟಿದರೆ ಹುಡುಗಿ ಹೋದಳು. ಬಾಗಿಲ ಸಂದಿಯಲ್ಲಿ ಅವಳೂ ನೋಡುತ್ತಿದ್ದಳು. “ಬ್ಯಾಡೋ ಮಾರಾಯಾ, ಕೈ ಮುಗಿತೀನಿ” ಎಂದು ಚಕ್ರಕ್ಕೆ ಕಲ್ಲು ಕೊಟ್ಟು, ಮೋಟಾರಿನ ಮೂತಿಗೆ ಹ್ಯಾಂಡಲ್ ಹಾಕಿ ಇಂಜಿನ್ನು ತಿರುವಿದೆ. ತಿರುವಿದೆ. ಅಳು ಬರುವ ತನಕ ತಿರುವಿದೆ. ಉರಿಯದ ಪೆಟ್ರೋಲೆಲ್ಲ ಡಬ್ಬಿಯಲ್ಲಿ ತುಂಬಿತ್ತೋ ಏನೋ—

ಢಮ್!

ಕೋಳಿಗಳು ಮಾಳಿಗೆ ಏರಿದವು. ಎತ್ತು ತಂದವನು ಎತ್ತನ್ನೇ ಬಿಟ್ಟು ಓಡಿದ. ಹಿಂದಿನ ನಳಿಗೆ ಕಳಚಿ ತಿಪ್ಪೆಗೆ ಹಾರಿತು. ಅದರ ಹಿಂದೆಯೇ ದುಂಡಗಿನ ಹಿತ್ತಾಳೆಯ ತಟ್ಟೆಯೊಂದು ಪುಟಿದು, ಏರಿನ ಮೇಲೆ ಉರುಳುತ್ತ ಹೋಗಿ, ಮಾವನಾಗಬೇಕಾದವರ ಕಾಲ ಬಳಿ ಗಿರಗಿರ ತಿರುಗಿ ಬಿದ್ದಿತು. ಮತ್ತು ಇಂಜಿನ್ನು ಹುಲಿಯಂತೆ ಗರ್ಜಿಸಿತು! ಹಾರಿ ಕೂತು ಒಂದೇ ಉಸಿರಿಗೆ ಬಾಗಿಲ ತನಕ ಏರಿಸಿದೆ.

ಚಾಚಾ ಇಳಿದವರೇ ತಟ್ಟೆ ಎತ್ತಿಕೊಂಡರು. “ಅರೆ, ಇದು ನಾ ಹಾಕಿದ ತಳ!”

“ಯಾವ ತಳ ಚಾಚಾ?”

“ನಿನ್ನ ಡಬ್ಬಿಗಿ ತಳಾನೇ ಇದ್ದಿಲ್ಲ ಬೇಟಾ. ಹಾಕಿದ ನೀರೆಲ್ಲ ಹಿಂದಿನಿಂದ ಹೋಗಾಕತ್ತಿತ್ತು. ಒಡೆದಾಗ ಬಿದ್ದಿರಬೇಕು ಅಂತ ಹೊಸಾದು ಬೆಸೆದು, ಅದರ ಮ್ಯಾಲ ನಳಿಗಿ ಕೂಡಿಸೇನಿ. ತಳಕ್ಕ ಬ್ಯಾರೆ ಕೂಲಿನೂ ಕೇಳಿಲ್ಲ.”

ವೈದ್ಯರು ಮುಖದ ಮಸಿ ಒರೆಸಿಕೊಂಡರು. “ಮಲಬದ್ಧತಿ ಅಂದ್ರ ನಕ್ರಿ.”

ನಾನು ತಲೆ ಎತ್ತಲಿಲ್ಲ. ಸಂಬಂಧ ಮುರಿಯಿತು ಎಂದುಕೊಂಡೆ. ಹುಡುಗಿಯ ತಂದೆ ಮೋಟಾರಿನ ಹಿಂಭಾಗ ನೋಡಿದರು, ನಮ್ಮ ಮೂರು ಕರಿ ಮುಖ ನೋಡಿದರು, ಚಾಚಾನ ಕೈಯ ತಟ್ಟೆ ನೋಡಿದರು.

“ಮೋಟಾರ್ ಹೊಡಿಯಾಂವ ಬೇಕು ಅಂತ ಹೇಳಿ ಕಳಿಸಿದ್ದೆ. ನೀವು ತೋಪು ಹೊಡಿಯಾಂವನ್ನ ಕರ್ಕೊಂಡು ಬಂದೀರಿ.”

ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು:

“ಏ, ಎಲಿ-ಅಡಿಕಿ ಜಲ್ದಿ ತಾ ಬೇ! ಒಲ್ಲೆ ಅಂದ್ರ ಇನ್ನೊಂದ್ ಹೊಡದಾನು!”