ಶ್ರೀಮತಿ ಕಂಚಿಗನಹಳ್ಳಿಯವರ ಹಾಜರಾತಿ

ವಾರಸುದಾರರಿಲ್ಲದ ಹಣವನ್ನು ವಾರಸುದಾರರಿಗೆ ತಲುಪಿಸುವುದು ಸರ್ಕಾರದ ಪರಮ ಕರ್ತವ್ಯವಾಗಿದೆ. ಸದರಿ ಕರ್ತವ್ಯದ ನಿರ್ವಹಣೆಗಾಗಿ ೨೦೦೨ರಲ್ಲಿ ದೆಹಲಿಯಲ್ಲಿ ಗ್ರಾಮೀಣ ಅನಾಥ ಠೇವಣಿ ನಿರ್ದೇಶನಾಲಯವನ್ನು ಸ್ಥಾಪಿಸಲಾಯಿತು. ೨೦೦೬ರ ವೇಳೆಗೆ ನಿರ್ದೇಶನಾಲಯದ ಬಳಿ ನಾಲ್ಕು ಮಹಡಿಯ ಕಟ್ಟಡ, ಹನ್ನೊಂದು ಕಾರು ಮತ್ತು ನಾಲ್ಕು ವಾರ್ಷಿಕ ವರದಿಗಳಿದ್ದವು. ಪತ್ತೆಯಾದ ವಾರಸುದಾರರ ಸಂಖ್ಯೆ ಸೊನ್ನೆ. ವರದಿಗಳಲ್ಲಿ ಇದನ್ನು 'ಪರಿಸ್ಥಿತಿ ಸ್ಥಿರವಾಗಿದೆ' ಎಂದು ನಮೂದಿಸಲಾಗಿತ್ತು.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ವಾರಸುದಾರರು ಸಿಕ್ಕಿದರೆ ಹಣ ಹೋಗುತ್ತದೆ, ಹಣ ಹೋದರೆ ನಿರ್ದೇಶನಾಲಯಕ್ಕೆ ಕೆಲಸವಿರುವುದಿಲ್ಲ, ಕೆಲಸವಿಲ್ಲದ ಕಚೇರಿಗೆ ಹನ್ನೊಂದು ಕಾರು ಇಟ್ಟುಕೊಳ್ಳುವುದು ಸಾರ್ವಜನಿಕ ಹಣದ ದುರ್ಬಳಕೆ. ನಿರ್ದೇಶನಾಲಯದಲ್ಲಿ ಎಲ್ಲರೂ ಪ್ರಾಮಾಣಿಕರಾದ್ದರಿಂದ ಅಂಥ ದುರ್ಬಳಕೆಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ.

ಅವಕಾಶ ಕೊಡದವರಲ್ಲಿ ಮೊದಲಿಗರು ಸೆಕ್ಷನ್ ಆಫೀಸರ್ ದಕ್ಷಿಣಾಮೂರ್ತಿ. ಜನಕಪುರಿಯ ನಿವಾಸಿ, ನಿವೃತ್ತಿಗೆ ಎಂಟು ತಿಂಗಳು ಬಾಕಿ. ಮೂವತ್ತು ವರ್ಷದ ಸೇವೆಯಲ್ಲಿ ಅವರನ್ನು ಮೂರು ಸಲ ಹೊಗಳಲಾಗಿತ್ತು. ಎರಡು ಸಲ ಕೈಬರಹಕ್ಕೆ. ಮೂರನೆಯ ಸಲ, ನಿರ್ದೇಶನಾಲಯದ ನಲವತ್ತೊಂದು ನಿಯಮಗಳನ್ನು ಒಬ್ಬರೇ ಕೂತು ಬರೆದದ್ದಕ್ಕೆ. ಆ ನಿಯಮಗಳ ಬಗ್ಗೆ ಅವರಿಗೆ ತುಂಬ ಅಭಿಮಾನವಿತ್ತು. ಮಗಳು ಅನನ್ಯಾ ಚಿಕ್ಕವಳಿದ್ದಾಗ ಬರೆದ ಚಿತ್ರಗಳಿಗಿಂತ ನಿಯಮಗಳ ಪ್ರತಿಯನ್ನೇ ಜೋಪಾನವಾಗಿ ಇಟ್ಟಿದ್ದರು.

ಆ ವರ್ಷ ಆಗಸ್ಟಿನಲ್ಲಿ 'ನಿಮ್ಮ ಹಣ, ನಿಮ್ಮ ಕೈಗೆ' ಅಭಿಯಾನದ ಅಂಗವಾಗಿ ಹರಿಯಾಣದ ಒಂದು ಗ್ರಾಮೀಣ ಜಿಲ್ಲೆಯ ಪಟ್ಟಿ ಅವರ ಮೇಜಿಗೆ ಬಂತು. ದೆಹಲಿಯಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯ ಜಿಲ್ಲೆ ಅದು. ಅಲ್ಲಿ ಎಂದೋ ಮುಚ್ಚಿಹೋದ ಸಹಕಾರಿ ಬ್ಯಾಂಕಿನ ಠೇವಣಿಗಳ ಪಟ್ಟಿ. ಕೆಳಗೆ 'ಮೇಲ್ಕಂಡ ಯಾರೂ ಪತ್ತೆಯಾಗಿರುವುದಿಲ್ಲ' ಎಂದು ಮೊದಲೇ ಅಚ್ಚಾಗಿತ್ತು, ಸಹಿಯೊಂದೇ ಬಾಕಿ. ಪಟ್ಟಿಯನ್ನು ಓದುವ ಪದ್ಧತಿ ಇರಲಿಲ್ಲ. ಆದರೆ ಆ ದಿನ ಟೀ ತರುವ ಭಯ್ಯಾ ತಡಮಾಡಿದ್ದರಿಂದ ದಕ್ಷಿಣಾಮೂರ್ತಿ ಓದಿದರು. ಕ್ರಮಸಂಖ್ಯೆ ೩೧೮ರಲ್ಲಿ ಹೀಗಿತ್ತು: 'ಜಂಟಿ ಠೇವಣಿ. ಖಾತೆದಾರರು ಮೂವರು. ಕಂಚಿಗನಹಳ್ಳಿ, ತಿಪ್ಪೇಸ್ವಾಮಿ, ದಕ್ಷಿಣಾಮೂರ್ತಿ. ಮೊತ್ತ ರೂ. ೨೩,೧೦೦.'

ಕಂಚಿಗನಹಳ್ಳಿ ಅವರ ಊರು. ತಿಪ್ಪೇಸ್ವಾಮಿ ಅವರ ತಂದೆ. ನಮ್ಮ ಕಡೆಯ ಪದ್ಧತಿಯಂತೆ ಊರು, ತಂದೆ, ತಾನು, ಮೂರೂ ಸೇರಿ ಒಬ್ಬ ಮನುಷ್ಯನ ಹೆಸರಾಗುತ್ತದೆ. ೧೯೭೮ರಲ್ಲಿ ಆ ಬ್ಯಾಂಕಿನವರು ಇನಿಷಿಯಲ್ ನಡೆಯುವುದಿಲ್ಲ, ಪೂರ್ತಿ ಬರೆಯಿರಿ ಎಂದಿದ್ದರು. ಇವರು ಪೂರ್ತಿ ಬರೆದಿದ್ದರು. ಈಗ ಕಂಪ್ಯೂಟರಿಗೆ ಸೇರಿಸಿದವನು ಇಷ್ಟುದ್ದದ ಹೆಸರನ್ನು ಒಬ್ಬನೇ ಹೊರುವುದು ಸಾಧ್ಯವಿಲ್ಲವೆಂದು ತಿಳಿದು ಭಾರವನ್ನು ಮೂವರಿಗೆ ಹಂಚಿದ್ದ.

ಆ ಹಣ ಸೀತಮ್ಮನವರ ಬಳೆ. ಹೊಸದಾಗಿ ಮದುವೆಯಾಗಿ ಆ ಜಿಲ್ಲೆಯಲ್ಲಿ ಗುಮಾಸ್ತರಾಗಿದ್ದಾಗ, ಹೆಂಡತಿಗೆ ಆಕೆಯ ತಾಯಿ ಕೊಟ್ಟಿದ್ದ ಎರಡು ಬಳೆಗಳನ್ನು ದಕ್ಷಿಣಾಮೂರ್ತಿ ಮಾರಿಸಿದ್ದರು. "ಚಿನ್ನ ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿರುತ್ತೆ ಸೀತಾ, ಬ್ಯಾಂಕಲ್ಲಾದರೆ ಬೆಳೆಯುತ್ತೆ" ಎಂದಿದ್ದರು. ಆಮೇಲೆ ದೆಹಲಿಗೆ ವರ್ಗವಾಯಿತು, ಸಾಮಾನು ಕಟ್ಟುವಾಗ ರಸೀತಿ ಕಳೆಯಿತು. ಸೀತಮ್ಮ ಜಗಳವಾಡಲಿಲ್ಲ. ಕನ್ನಡದವರ ಮನೆಯ ಮದುವೆ ಮುಂಜಿಗಳಿಗೆ ಹೋದಾಗ ಸೆರಗನ್ನು ಮಣಿಕಟ್ಟಿನವರೆಗೂ ಹೊದ್ದುಕೊಳ್ಳುತ್ತಿದ್ದರು, ಅಷ್ಟೆ. ಇಪ್ಪತ್ತೆಂಟು ವರ್ಷ ಅದನ್ನು ನೋಡಿದ ದಕ್ಷಿಣಾಮೂರ್ತಿಗೆ ಪ್ರತಿ ಸಲವೂ ನಾಚಿಕೆಯಾಗಿತ್ತು. ಈಗ ನವೆಂಬರಿನಲ್ಲಿ ಅನನ್ಯಾಳ ಮದುವೆ.

"ಸಿಕ್ಕಿತು ಕಣೇ" ಎಂದರು ಮನೆಗೆ ಬಂದು. "ನಿನ್ನ ಬಳೆ ನಮ್ಮ ಆಫೀಸಲ್ಲೇ ಇದೆ."

"ನಿಮ್ಮ ಆಫೀಸಲ್ಲಾ?" ಸೀತಮ್ಮ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಹಾಗಾದ್ರೆ ಕಷ್ಟ."

ಮರುದಿನ ದಕ್ಷಿಣಾಮೂರ್ತಿ ರಜೆ ಹಾಕಿ, ಬಸ್ಸು ಹಿಡಿದು, ಆ ಜಿಲ್ಲೆಯಲ್ಲಿ ಶಾಮಿಯಾನದ ಕೆಳಗೆ ನಡೆಯುತ್ತಿದ್ದ ತಮ್ಮದೇ ನಿರ್ದೇಶನಾಲಯದ ಶಿಬಿರಕ್ಕೆ ಹೋದರು. ಶಿಬಿರಾಧಿಕಾರಿ ದಹಿಯಾ ಸ್ಥಳೀಯರು, ವಿನಯವಂತರು. ಕುರ್ಚಿ ಕೊಟ್ಟು, ಲಸ್ಸಿ ತರಿಸಿ, ಫಾರಂ ಓದಿದರು.

"ಮೂವರೂ ಬಂದಿದ್ದೀರಾ ಮೂರ್ತಿ ಸಾಬ್?" ಎಂದು ಹಿಂದಿಯಲ್ಲಿ ಕೇಳಿದರು.

"ಮೂವರೂ ನಾನೇ. ಮೊದಲನೆಯದು ನಮ್ಮ ಊರು, ಎರಡನೆಯದು ತಂದೆ, ಮೂರನೆಯದು ನಾನು."

"ಅಚ್ಛಾ. ತಂದೆಯವರು?"

"ತೀರಿಕೊಂಡು ಹನ್ನೆರಡು ವರ್ಷವಾಯಿತು."

"ಮರಣ ಪ್ರಮಾಣಪತ್ರ ಕೊಡಿ, ಅವರದು ಮುಗಿಯಿತು. ಊರು?"

"ಊರು ಅಲ್ಲೇ ಇದೆ."

"ಬದುಕಿದ್ದಾರೆ ಅಂದಮೇಲೆ ಬರಲೇಬೇಕಲ್ಲ. ನಿಯಮ ಒಂಬತ್ತು. 'ಜಂಟಿ ಖಾತೆದಾರರೆಲ್ಲರೂ ಭಾವಚಿತ್ರ ಸಹಿತ ಏಕಕಾಲಕ್ಕೆ ಹಾಜರಾಗತಕ್ಕದ್ದು. ಜೀವಂತವಿರುವುದು ಗೈರುಹಾಜರಿಗೆ ಕಾರಣವಾಗತಕ್ಕದ್ದಲ್ಲ.'" ದಹಿಯಾ ಪುಸ್ತಕ ಮುಚ್ಚಿ ಮೆಚ್ಚುಗೆಯಿಂದ ತಲೆಯಾಡಿಸಿದರು. "ಇದನ್ನು ಯಾರು ಬರೆದರೋ ಸಾಬ್, ಎಲ್ಲೂ ಒಂದು ಸಂದಿ ಬಿಟ್ಟಿಲ್ಲ."

ದಕ್ಷಿಣಾಮೂರ್ತಿಯ ಎದೆ ಉಬ್ಬಿತು. ಸಂದಿಯಿಲ್ಲದ ಆ ಗೋಡೆಯ ಹೊರಗೆ ನಿಂತಿರುವವರು ತಾವೇ ಎಂಬುದು ನೆನಪಾಗುವುದಕ್ಕೆ ಅರ್ಧ ಲೋಟ ಲಸ್ಸಿ ಬೇಕಾಯಿತು.

ಅವರು ಊರಿನ ಪಂಚಾಯಿತಿ ಕಾರ್ಯದರ್ಶಿ ಬಸಪ್ಪನವರಿಗೆ ಫೋನ್ ಮಾಡಿ, ಊರು ಬದುಕಿದೆಯೆಂದು ಒಂದು ಪ್ರಮಾಣಪತ್ರ ಬೇಕೆಂದರು. ಬಸಪ್ಪ ಆಶ್ಚರ್ಯಪಡಲಿಲ್ಲ. ಶಾಲೆಗೆ ಚಾವಣಿ ಇದೆಯೆಂದೂ ಬೋರ್‌ವೆಲ್ಲಿನಲ್ಲಿ ನೀರಿದೆಯೆಂದೂ ಆ ವರ್ಷವೇ ಪ್ರಮಾಣಪತ್ರ ಕೊಟ್ಟಿದ್ದವರಿಗೆ ಇದು ಸುಲಭದ ಕೆಲಸವಾಗಿತ್ತು. ಊರು ನಿಜವಾಗಿಯೂ ಇತ್ತು.

"ಕೊಡೋಣ ಸ್ವಾಮಿ, ಅದಕ್ಕೇನು. ಗಂಡು ಅಂತ ಬರೀಲೋ, ಹೆಣ್ಣು ಅಂತಲೋ?"

"ಯಾರನ್ನ?"

"ಊರನ್ನ. ಫಾರಂನಾಗೆ ಕಾಲಂ ಐತಲ್ಲ."

ದಕ್ಷಿಣಾಮೂರ್ತಿ ಯೋಚಿಸಿದರು. ಊರನ್ನು ತಾಯಿ ಅನ್ನುವುದು ವಾಡಿಕೆ. ಹೆಣ್ಣು ಎಂದು ಬರೆಯಲು ಹೇಳಿದರು.

ಹದಿನೈದು ದಿನದಲ್ಲಿ ಪತ್ರ ಬಂತು. 'ಶ್ರೀಮತಿ ಕಂಚಿಗನಹಳ್ಳಿ, ವಯಸ್ಸು ಸುಮಾರು ನಾನೂರು, ಇವರು ಹುಟ್ಟಿದಂದಿನಿಂದ ಇದೇ ಸ್ಥಳದಲ್ಲಿ ವಾಸವಾಗಿದ್ದು, ಒಂದು ದಿನವೂ ಊರು ಬಿಟ್ಟು ಹೋಗಿರುವುದಿಲ್ಲ. ನಡತೆ ತೃಪ್ತಿಕರ. ರಸ್ತೆ ಸರಿಯಿಲ್ಲದ ಕಾರಣ ಪ್ರಯಾಣಕ್ಕೆ ಅಶಕ್ತರು. ಕಾಲಕಾಲಕ್ಕೆ ದೀಪ ಹೋಗುವುದನ್ನು ಬಿಟ್ಟರೆ ಬೇರೆ ಕಾಯಿಲೆ ಇಲ್ಲ.' ಜೊತೆಗೆ ಕೆರೆ ಏರಿಯ ಮೇಲಿನಿಂದ ತೆಗೆದ ಪಾಸ್‌ಪೋರ್ಟ್ ಅಳತೆಯ ಫೋಟೋ ಇತ್ತು. ಎರಡೂ ಕಿವಿ ಕಾಣಿಸುತ್ತಿಲ್ಲವೆಂದು ದಹಿಯಾ ಮೊದಲು ಅದನ್ನು ತಿರಸ್ಕರಿಸಿದರು. ಕಿವಿಗಳಿಲ್ಲವೆಂದು ಬಸಪ್ಪ ಅಫಿಡವಿಟ್ ಕಳಿಸಿದ ಮೇಲೆ ಮಾನವೀಯ ನೆಲೆಯಲ್ಲಿ ಒಪ್ಪಿದರು. ಅರವತ್ತು ದಾಟಿದ ಅಶಕ್ತ ಮಹಿಳೆಯರು ಪ್ರತಿನಿಧಿಯನ್ನು ಕಳಿಸಬಹುದು ಎಂಬ ರಿಯಾಯಿತಿ ನಿಯಮಾವಳಿಯಲ್ಲೇ ಇದ್ದುದರಿಂದ, ಪಂಚಾಯಿತಿ ಸಭೆ ಸೇರಿ, ದೆಹಲಿಯಲ್ಲಿರುವ ಊರಿನ ಸೊಸೆ ಸೀತಮ್ಮನವರನ್ನು ಸರ್ವಾನುಮತದಿಂದ ಕಂಚಿಗನಹಳ್ಳಿಯಾಗಿ ನೇಮಿಸಿತು.

"ಮಮ್ಮಿ ಗಾಂವ್ ಬನ್ ಗಯೀ" ಎಂದು ಅಮ್ಮ ಊರಾದದ್ದಕ್ಕೆ ನಕ್ಕಳು ಅನನ್ಯಾ. "ಪಪ್ಪಾ, ಸೀರಿಯಸ್ಲಿ?"

"ನಗಬೇಡ್ವೇ" ಎಂದರು ಸೀತಮ್ಮ. "ಸರ್ಕಾರದ ಕಾಗದದಲ್ಲಿ ನನ್ನ ಹೆಸರು ಬರ್ತಿರೋದು ಇದೇ ಮೊದಲು."

ಫೈಲು ದೆಹಲಿಗೆ ಬಂದಾಗ ನಿರ್ದೇಶಕರಿಗೆ ಸಂತೋಷವಾಯಿತು. ನಾಲ್ಕು ವರ್ಷದಲ್ಲಿ ಮೊದಲ ವಾರಸುದಾರರು ಸಿಕ್ಕಿದ್ದರು. ಅದರಲ್ಲೂ ಮಹಿಳೆ, ಹಿರಿಯ ನಾಗರಿಕರು, ಗ್ರಾಮೀಣರು. ವಾರ್ಷಿಕ ವರದಿಯ ಮೂರು ಕೋಷ್ಟಕಗಳು ಒಂದೇ ಏಟಿಗೆ ತುಂಬುತ್ತಿದ್ದವು. ಅವರು ದಕ್ಷಿಣಾಮೂರ್ತಿಯನ್ನು ಕೋಣೆಗೆ ಕರೆಸಿದರು.

"ಮೂರ್ತಿ ಜೀ, ಮೂರು ಸಮಪಾಲು. ಕಂಚಿಗನಹಳ್ಳಿಯವರದು ಸರಿಯಾಗಿದೆ. ಮೃತ ತಿಪ್ಪೇಸ್ವಾಮಿಯವರ ಖಾಯಂ ವಿಳಾಸ ಕಂಚಿಗನಹಳ್ಳಿ, ಆದ್ದರಿಂದ ಅವರ ಪಾಲೂ ಆಕೆಗೇ ಸೇರಲಿ. ಈ ಮೂರನೆಯವರು ಯಾರು?"

"ನಾನೇ ಸರ್."

ನಿರ್ದೇಶಕರ ಮುಖ ಗಂಭೀರವಾಯಿತು. "ನಿಯಮ ಹದಿನಾಲ್ಕು."

ನಿಯಮ ಹದಿನಾಲ್ಕನ್ನು ದಕ್ಷಿಣಾಮೂರ್ತಿ ತಮ್ಮ ಸಹೋದ್ಯೋಗಿಗಳ ಮೇಲಿನ ಅನುಮಾನದಿಂದ ಬರೆದಿದ್ದರು: 'ನಿರ್ದೇಶನಾಲಯದ ಅಧಿಕಾರಿಯ ಹೆಸರು ಪಟ್ಟಿಯಲ್ಲಿ ಕಂಡುಬಂದಲ್ಲಿ ಅದನ್ನು ಕಾಕತಾಳೀಯವೆಂದು ಭಾವಿಸತಕ್ಕದ್ದು. ಸದರಿ ಅಧಿಕಾರಿಯು ತನ್ನನ್ನು ತಾನು ಪತ್ತೆಮಾಡತಕ್ಕದ್ದಲ್ಲ.'

"ಅದು ನನ್ನ ಹೆಂಡತಿಯ ಬಳೆ ಸರ್" ಎಂದರು ದಕ್ಷಿಣಾಮೂರ್ತಿ. ಮೂವತ್ತು ವರ್ಷದಲ್ಲಿ ಮೇಲಧಿಕಾರಿಯ ಮುಂದೆ ಅವರು ಆಡಿದ ಮೊದಲ ಸ್ವಂತ ಮಾತು ಅದು.

"ಬಳೆ ಪಟ್ಟಿಯಲ್ಲಿ ಇಲ್ಲವಲ್ಲ" ಎಂದರು ನಿರ್ದೇಶಕರು, ಬೇಸರದಿಂದಲೇ. "ಮತ್ತೆ, ಆರು ತಿಂಗಳಿಗೆ ನಿಮ್ಮ ಪೆನ್ಷನ್ ಫೈಲ್ ಬರುತ್ತೆ. ಅದರಲ್ಲಿ ಇಂಥದ್ದೆಲ್ಲ ಯಾಕೆ? ಚಲೋ, ಟಿಪ್ಪಣಿ ಬರೆದುಬಿಡಿ."

ದಕ್ಷಿಣಾಮೂರ್ತಿ ತಮ್ಮ ಕುರ್ಚಿಗೆ ಬಂದು ಕೂತರು. ಜಗಳವಾಡಬಹುದಿತ್ತು. ಆದರೆ ನಿಯಮದ ಭಾಷೆ ಅಚ್ಚುಕಟ್ಟಾಗಿತ್ತು, ಅಚ್ಚುಕಟ್ಟಾದ ಭಾಷೆಯಲ್ಲಿ ತಪ್ಪು ಹುಡುಕುವುದು ಅವರ ಸ್ವಭಾವವಲ್ಲ. ಪೆನ್ಷನ್ನಿನ ಮಾತು ಕೇಳಿ ಹೆದರಿದ್ದೂ ನಿಜ. ತಮ್ಮ ಹೇಡಿತನದ ಬಗ್ಗೆ ಅವರಿಗೆ ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ, ಎರಡು ಸಲ ಹೊಗಳಿಸಿಕೊಂಡ ಕೈಬರಹದಲ್ಲಿ, ಬರೆದರು: 'ಸದರಿ ದಕ್ಷಿಣಾಮೂರ್ತಿ ಎಂಬವರನ್ನು ಎಲ್ಲ ಕಡೆ ಹುಡುಕಲಾಗಿ, ಪತ್ತೆಯಾಗಿರುವುದಿಲ್ಲ. ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.' ಕೆಳಗೆ ಸಹಿ ಹಾಕಿದರು: ಕೆ. ಟಿ. ದಕ್ಷಿಣಾಮೂರ್ತಿ.

ಚೆಕ್ಕು ವಿತರಣೆಯ ಸಮಾರಂಭ ಚಾಣಕ್ಯಪುರಿಯ ಒಂದು ಸಭಾಂಗಣದಲ್ಲಿ ನಡೆಯಿತು. ಅದರ ವೆಚ್ಚ ಒಂದು ಲಕ್ಷದ ಎಂಬತ್ತು ಸಾವಿರ. ಹನ್ನೊಂದು ಕಾರುಗಳೂ ಬಂದಿದ್ದವು. ನಿರೂಪಣೆ ದಕ್ಷಿಣಾಮೂರ್ತಿಯವರದೇ. "ಈಗ ಶ್ರೀಮತಿ ಕಂಚಿಗನಹಳ್ಳಿಯವರು ವೇದಿಕೆಗೆ ಬರಬೇಕು" ಎಂದು ಅವರು ಮೈಕಿನಲ್ಲಿ ಕರೆದಾಗ ಸೀತಮ್ಮ ಎದ್ದು ಹೋಗಿ, ಶಾಲು ಹೊದಿಸಿಕೊಂಡು, ಮೂರರಲ್ಲಿ ಎರಡು ಪಾಲಿನ ಚೆಕ್ಕು ಪಡೆದು, ರಿಜಿಸ್ಟರಿನಲ್ಲಿ ಕಂಚಿಗನಹಳ್ಳಿ ಎಂದು ನಿಧಾನವಾಗಿ ಸಹಿ ಮಾಡಿದರು. ಮುಂದೆ ತಮ್ಮ ಊರಿಗೂ ಇಂಥ ನ್ಯಾಯ ಸಿಗಲಿ ಎಂದು ದಹಿಯಾ ಭಾಷಣ ಮಾಡಿದರು. ಇದಾದ ಮೇಲೆ ನಿರ್ದೇಶಕರು ಸಿಕ್ಕಾಗಲೆಲ್ಲ ಆಕೆಯನ್ನು ಕಂಚಿಗನಹಳ್ಳಿ ಜೀ ಎಂದೇ ಮಾತಾಡಿಸಿದರು, ಆಕೆಯೂ ನಮಸ್ಕಾರ ಅಂದರು.

ಮದುವೆಗೆ ಎರಡು ವಾರ ಇರುವಾಗ ಸೀತಮ್ಮ ಮಾರ್ಕೆಟ್ಟಿನಿಂದ ಬಂದು, ಸೋಫಾದ ಮೇಲೆ ಕೂತು, ಕೈ ಮುಂದೆ ಚಾಚಿದರು. ಬಲಗೈಯಲ್ಲಿ ಒಂದು ಬಳೆ ಇತ್ತು.

"ಬಂದ ದುಡ್ಡಿಗೆ ಒಂದೇ ಆಯ್ತು" ಎಂದರು.

"ಚೆನ್ನಾಗಿದೆ" ಎಂದರು ದಕ್ಷಿಣಾಮೂರ್ತಿ. "ಇನ್ನೊಂದೂ ಬರುತ್ತೆ ಸೀತಾ. ಮೂರನೆಯ ಪಾಲಿನ ಫೈಲು ತೆರೆದೇ ಇದೆ. ಆ ದಕ್ಷಿಣಾಮೂರ್ತಿ ಸಿಕ್ಕಿದ ತಕ್ಷಣ ಕೊಡ್ತಾರೆ."

"ಯಾರು ಹುಡುಕ್ತಿದ್ದಾರೆ ಅವರನ್ನ?"

"ನಾನೇ."

ಸೀತಮ್ಮ ಗಂಡನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಹಾಗಾದ್ರೆ ಬಿಡಿ, ಒಂದು ಸಾಕು" ಎಂದು ಹೇಳಿ, ಬಳೆಯಿಲ್ಲದ ಎಡಗೈಯಲ್ಲಿ ಅವರ ಭುಜ ತಟ್ಟಿ ಒಳಗೆ ಹೋದರು. ದಕ್ಷಿಣಾಮೂರ್ತಿಗೆ ಅದು ನ್ಯಾಯವಾಗಿಯೇ ಕಂಡಿತು. ನಿಯಮಗಳಲ್ಲೂ ಅದಕ್ಕೆ ಅಡ್ಡಿ ಇರಲಿಲ್ಲ.