ಯೂನಿಕ್ಸಿನ ಪ್ರೇತಗಳೂ ನನ್ನ ಮೂರನೇ ಪರೀಕ್ಷೆಯೂ

ದೆವ್ವ ಭೂತ ನಂಬದವಳು ನಾನು. ಅದು ಅವಕ್ಕೆ ಗೊತ್ತಾಗಿಯೋ ಏನೋ, ನಂಬುವವರನ್ನೆಲ್ಲ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಅದರಲ್ಲೂ ತಿಪಟೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಾ, ಯೂನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಸರ್ಟಿಫಿಕೇಟ್ ಪರೀಕ್ಷೆಗೆ ಓದುತ್ತಿದ್ದ ವರ್ಷ ಅವುಗಳ ಕಾಟ ಅತಿಯಾಗಿತ್ತು. ಆಗಲೇ ಎರಡು ಸಲ ಫೇಲಾಗಿದ್ದೆ. ಸೆಂಟರಿನ ಮಾಲೀಕರು, "ಮೂರನೇ ಸಲಾನೂ ಹೋದ್ರೆ ಪಾಠಕ್ಕೆ ತುಮಕೂರಿಂದ ಪಾಸಾದೋರನ್ನ ಕರೆಸ್ತೀನಿ ಕಣಮ್ಮ. ನೀವು ಟೈಪಿಂಗ್ ಕಲಿಸ್ಕೊಂಡಿರಿ," ಎಂದಿದ್ದರು. ಟೈಪಿಂಗ್ ಕಲಿಸುವುದು ಕೀಳೇನಲ್ಲ. ಆದರೆ ನನ್ನ ಹತ್ತಿರ ಯೂನಿಕ್ಸ್ ಕಲಿತ ಹುಡುಗಿಯರ ಎದುರಿಗೇ ಎ ಎಸ್ ಡಿ ಎಫ್ ಎನ್ನುತ್ತ ಕೂರುವುದು ನನ್ನಿಂದಾಗದ ಮಾತು.

೧. ಮೊದಲು ಮಗುವನ್ನು ಕೊಲ್ಲು

ಇಂಗ್ಲಿಷಿನಲ್ಲಿ ಓದಿದ್ದು ನನ್ನ ತಲೆಗೆ ಹತ್ತುವುದಿಲ್ಲ. ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಬೇಕು. ಯೂನಿಕ್ಸಿನೊಳಗೆ ನಡೆಯುವ ಕೆಲಸಗಳಿಗೆ ಅಪ್ಪ, ಮಗು ಅಂತ ಸಂಬಂಧ. ಕೆಲಸ ನಿಲ್ಲಿಸುವುದಕ್ಕೆ ಕೊಲ್ಲುವುದು ಅಂತಲೇ ಹೆಸರು, ಎಷ್ಟು ಬಲವಾಗಿ ಎನ್ನುವುದಕ್ಕೆ ಒಂದೊಂದು ನಂಬರ್. ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು, "ಮೊದಲು ಮಗುವನ್ನು ಕೊಲ್ಲು. ಆಮೇಲೆ ಅಪ್ಪನನ್ನು. ಅಪ್ಪ ಮೊದಲು ಸತ್ತರೆ ಮಗು ಅನಾಥ. ಒಂಬತ್ತನೇ ನಂಬರ್ ಹಾಕಿದರೆ ಯಾವುದೂ ಉಳಿಯದು," ಎಂದು ಒಂದೇ ರಾಗದಲ್ಲಿ ಹೇಳುತ್ತಿದ್ದೆ.

ಬಾಗಿಲ ಆಚೆ ಯಾರೋ ಉಸಿರಾಡುವ ಸದ್ದು. ನಾನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ತೆಗೆದು ನೋಡಿದರೆ ನಮ್ಮತ್ತೆ. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪೊರಕೆ.

"ಯಾರೇ ನೀನು?" ಅಂದರು.

"ನಿಮ್ಮ ಸೊಸೆ ಅತ್ತೆ."

"ಮೊದ್ಲು ಎಲ್ಲಾ ಅಂಗೇ ಅಂತವೆ."

ಕೂರಿಸಿಕೊಂಡು ಅರ್ಧ ಗಂಟೆ ವಿವರಿಸಿದೆ. ಮಗು ಸತ್ತಿದ್ದನ್ನು ಅಪ್ಪ ವಿಚಾರಿಸದೆ ಹೋದರೆ ಅದಕ್ಕೆ ಜೀವವೂ ಇರುವುದಿಲ್ಲ, ಪಟ್ಟಿಯಿಂದ ಹೆಸರೂ ಹೋಗುವುದಿಲ್ಲ, ಸುಮ್ಮನೆ ಉಳಿದುಬಿಡುತ್ತದೆ ಎಂದಾಗ ಅತ್ತೆ ನಿಂಬೆಹಣ್ಣು ಕೆಳಗಿಟ್ಟರು.

"ತಿಥಿ ಮಾಡ್ದಿದ್ರೆ ಪ್ರೇತ ಆಯ್ತದೆ ಅಂತ ನಮ್ಮವ್ವ ಸೌದೆ ಒಲೆ ಮುಂದೆ ಕೂತ್ಕಂಡು ಹೇಳೋಳು. ಇಷ್ಟನ್ನ ಹೇಳಕ್ಕೆ ಬೆಂಗ್ಳೂರಿಗೋಗಿ ಎರಡು ಸಲ ಫೇಲಾಗಿ ಬಂದ್ಯೇನೇ?"

೨. ತೀರಿಕೊಂಡ ಮೇಷ್ಟ್ರು

ಸೆಂಟರಿನಲ್ಲಿ ನನಗಿಂತ ಮೊದಲಿದ್ದ ಮೇಷ್ಟ್ರು ತೀರಿಕೊಂಡು ಆರು ತಿಂಗಳಾಗಿತ್ತು. ಒಳ್ಳೆಯವರು. ಕೀಬೋರ್ಡಿನ ಮೇಲೆ ಕೈಯಿಡುವುದನ್ನು ನನಗೆ ಕಲಿಸಿದವರೇ ಅವರು. ಒಂದು ಭಾನುವಾರ ಮಧ್ಯಾಹ್ನ ಬೀಗ ತೆಗೆದು ಒಬ್ಬಳೇ ಓದಲು ಕೂತೆ. ಈಗ ಯಾರ್ಯಾರು ಸೆಂಟರಿನ ಕಂಪ್ಯೂಟರುಗಳಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ತೋರಿಸುವ ಒಂದು ಕಮಾಂಡ್ ಇದೆ. ಅದನ್ನು ಒತ್ತಿದೆ. ಎರಡು ಹೆಸರು ಬಂದವು. ಒಂದು ನನ್ನದು. ಇನ್ನೊಂದು ಮೇಷ್ಟ್ರದು.

ಸುತ್ತ ನೋಡಿದೆ. ನನ್ನದು ಬಿಟ್ಟು ಏಳು ಕುರ್ಚಿ, ಏಳೂ ಖಾಲಿ. ಓಡಿಹೋಗಬೇಕಿತ್ತು. ಅದರ ಬದಲು ಆ ಹೆಸರಿಗೆ ಒಂದು ಸಂದೇಶ ಕಳಿಸಿದೆ: "ಯಾರು?"

ಸ್ವಲ್ಪ ಹೊತ್ತಿನ ಮೇಲೆ ನನ್ನ ಪರದೆಯಲ್ಲಿ ಒಂದು ಸಾಲು ಮೂಡಿತು: "ಮೂವತ್ತೇಳನೇ ಪ್ರಶ್ನೆಗೆ ಉತ್ತರ ಬಿನೋ ಸಿನೋ?"

ಸತ್ತರೂ ಈ ಪರೀಕ್ಷೆ ಬಿಡುವುದಿಲ್ಲವಲ್ಲಪ್ಪ ಎಂದು ನನಗೆ ಅಳುವೇ ಬಂತು. ಅಷ್ಟರಲ್ಲಿ ಹಿಂದಿನ ಚಿಕ್ಕ ಕೋಣೆಯಲ್ಲಿ ಕೆಮ್ಮಿದ ಸದ್ದಾಯಿತು. ಇಣುಕಿದರೆ ಮಾಲೀಕರು! ಹಿತ್ತಿಲ ಬಾಗಿಲಿಂದ ಬಂದು, ಅಲ್ಲಿದ್ದ ಕಂಪ್ಯೂಟರಿನ ಮುಂದೆ ನನ್ನದೇ ಪ್ರಶ್ನೆಪುಸ್ತಕದ ಜೆರಾಕ್ಸನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಾರೆ.

"ಯಾರ್ಗೂ ಹೇಳ್ಬೇಡಿ ಕಣಮ್ಮ. ನಂದೂ ಎರಡು ಸಲ ಹೋಗೈತೆ," ಎಂದರು. "ನನ್ನ ಪಾಸ್‌ವರ್ಡ್ ಮರ್ತೋಗಿತ್ತು. ಮೇಷ್ಟ್ರುದು ಇಲ್ಲೇ ಗೋಡೆ ಮೇಲೆ ಬರ್ದಿತ್ತು."

"ಸತ್ತೋರ ಹೆಸರಲ್ಲಿ ಕೂತಿದ್ದೀರಲ್ಲ ಸಾರ್, ನನ್ನ ಪ್ರಾಣವೇ ಹೋಗಿತ್ತು!"

"ಅದಿರ್ಲಿ. ಬಿನೋ, ಸಿನೋ?"

೩. ಗಾಜಿನ ಕೋಣೆ

ಮೂರನೇ ಸಲ ಬೆಂಗಳೂರಿಗೆ ಹೋದೆ. ಹಿಂದೆ ಎರಡು ಸಲವೂ ಅರವತ್ತು ಪ್ರಶ್ನೆ ಕೇಳಿ ಫೇಲು ಮಾಡಿದ್ದ ಅದೇ ಗಾಜಿನ ಕೋಣೆ. ಗಾಜಿನ ಆಚೆ ಮೇಲ್ವಿಚಾರಕಿ ಅಲುಗಾಡದೆ ನನ್ನನ್ನೇ ನೋಡುತ್ತ ಕೂತಿದ್ದರು. ಆದರೆ ಈ ಸಲ ಏನೋ ಬೇರೆಯಾಗಿತ್ತು. ಒಂದಕ್ಕೆ ಸರಿಯುತ್ತರ ಕೊಟ್ಟರೆ ಮುಂದಿನದು ಇನ್ನೂ ಕಷ್ಟ. ಅಳುಕಿ ಅಳುಕಿ ಉತ್ತರಿಸಿದ್ದನ್ನೇ ತಿರುಗಿಸಿ ಮತ್ತೆ ಕೇಳುತ್ತಿತ್ತು. ಎದುರಿಗೆ ಯಾರೋ ಕೂತು ನನ್ನ ಮುಖ ಓದುತ್ತಿದ್ದಾರೆ ಅನ್ನಿಸಿತು. ಹದಿನೈದನೇ ಪ್ರಶ್ನೆಗೆ ಉತ್ತರ ಒತ್ತಿದ್ದೇ ತಡ, ಪರದೆ ಕಪ್ಪಾಯಿತು.

ಈ ದಡ್ಡಿಯನ್ನು ಇನ್ನು ಕೇಳಿ ಪ್ರಯೋಜನವಿಲ್ಲ ಎಂದು ಕೈಬಿಟ್ಟಿತು ಅಂದುಕೊಂಡೆ. ನನ್ನ ಪಾಠ ಮುಗಿಯಿತು, ಇನ್ನು ಟೈಪಿಂಗೇ ಗತಿ. ಆಚೆ ಪ್ರಿಂಟರ್ ಕಿರ್ರೆಂದಿತು. ಮೇಲ್ವಿಚಾರಕಿ ಹಾಳೆ ಹರಿದು ಕೊಟ್ಟರು. ಪಾಸು!

"ಹದಿನೈದೇ ಕೇಳ್ತಲ್ಲ ಮೇಡಂ?"

"ಹೊಸ ಪದ್ಧತಿ. ನಿಮ್ಮ ಉತ್ತರ ನೋಡ್ಕೊಂಡು ಮುಂದಿನ ಪ್ರಶ್ನೆ ಆರಿಸುತ್ತೆ. ಗೊತ್ತಾದ ತಕ್ಷಣ ನಿಲ್ಲಿಸಿಬಿಡುತ್ತೆ."

"ಏನು ಗೊತ್ತಾದ ತಕ್ಷಣ?"

"ನೀವು ಏನು ಅಂತ," ಎಂದು ಅವರು ಮತ್ತೆ ಗಾಜಿನ ಕಡೆ ತಿರುಗಿದರು.

ರೈಲಿನಲ್ಲಿ ಬರುವಾಗ ಖುಷಿಗೆ ನಗು ತಡೆಯಲಾಗುತ್ತಿರಲಿಲ್ಲ, ಆದರೂ ಮೇಲ್ವಿಚಾರಕಿಯ ಆ ಮಾತು ಕಿವಿಯಲ್ಲೇ ಇತ್ತು. ಮನೆಗೆ ಬಂದರೆ ಅತ್ತೆ, ವರ್ಷದಿಂದ ಅಟ್ಟದಲ್ಲಿದ್ದ ಕಾಯಿಗಳನ್ನು ಅಂಗಳಕ್ಕೆ ಇಳಿಸಿ, ಒಣಗಿ ಕೊಬ್ಬರಿಯಾದವನ್ನು ಆರಿಸಿ ತೆಗೆಯುತ್ತಿದ್ದರು. ಕಾಲಿಗೆ ಬಿದ್ದು ಎಲ್ಲ ಹೇಳಿದೆ.

"ಹದಿನೈದೇ ಪ್ರಶ್ನೇಲಿ ನಾನು ಏನು ಅಂತ ಅದಕ್ಕೆ ಹೆಂಗೆ ಗೊತ್ತಾಯ್ತು ಅತ್ತೆ? ಭಯ ಆಗುತ್ತೆ."

ಅತ್ತೆ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಗಡಗಡ ಅಂದಿತು. ಒಣಗಿದವುಗಳ ರಾಶಿಗೆ ಅದನ್ನು ಎಸೆದರು.

"ಭಯ ಯಾಕೇ? ನಾನೇನು ಎಲ್ಲಾ ಕಾಯ್ನೂ ಒಡ್ದು ನೋಡ್ತೀನಾ? ಅದೂವೆ ನಿನ್ ತಲೇನ ಹಿಂಗೇ ಅಲ್ಲಾಡಿಸಿ ನೋಡೈತೆ. ಒಳಗೆ ಪೂರ್ತಿ ಒಣಗೈತೆ ಅಂತ ಗೊತ್ತಾಗಿ ಪಾಸ್ ಮಾಡೈತೆ, ಬುಡು."